ಟಾರ್ಚಕ್ಕ ತೆಗೆದ ಅರವತ್ತೆರಡು ಫೋಟೋ

ಹಳೆಯ ಮನೆಯೊಂದನ್ನು ಕೊಳ್ಳಬೇಕು ಅಂದುಕೊಳ್ಳುತ್ತೀರಿ. ಮನೆ ಗಟ್ಟಿಮುಟ್ಟಾಗಿದೆಯೇ ನೋಡಿ ಹೇಳಿ ಎಂದು ತಿಳಿದವರೊಬ್ಬರನ್ನು ಕಳಿಸುತ್ತೀರಿ. ಅವರು ಹೋಗಿ ನೋಡಿ ಬಂದು ಎರಡು ಹಾಳೆ ಬರೆದು ಕೊಡುತ್ತಾರೆ. ನೀವು ಓದುತ್ತೀರಿ, ಮನೆಯವರೂ ಓದುತ್ತಾರೆ. ಓದಿ ಮುಗಿಸಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೀರಿ. ಮನೆ ಹೇಗಿದೆ ಅನ್ನುವುದು ಮಾತ್ರ ಯಾರಿಗೂ ಗೊತ್ತಾಗಿರುವುದಿಲ್ಲ.

ನಮ್ಮ ಬೀದಿಯ ದರ್ಜಿ ಅಕ್ಕನ ಮನೆಯಲ್ಲಿ ಆಗಿದ್ದೂ ಹೀಗೆಯೇ.

ದರ್ಜಿ ಅಕ್ಕನ ಗಂಡ ಬಸ್ ಡ್ರೈವರ್. ಮನೆಯಲ್ಲಿ ಮೂರನೆಯವರೆಂದರೆ ಡ್ರೈವರ್‌ನ ತಾಯಿ. ಬೀದಿಯವರೆಲ್ಲ ಅವರನ್ನು ಅತ್ತೆಮ್ಮ ಎಂದೇ ಕರೆಯುವುದು. ಬಾಡಿಗೆ ಮನೆ, ಒಂದೂವರೆ ಕೋಣೆ. ಹೊಲಿಗೆ ಯಂತ್ರ ಅಡುಗೆಮನೆಯ ಬಾಗಿಲಿಗೆ ಅಂಟಿಕೊಂಡಿತ್ತು. ಒಳಗೆ ಹೋಗಬೇಕಾದರೆ ಅಡ್ಡಡ್ಡ ತಿರುಗಿ ನುಸುಳಬೇಕು. ಹದಿನಾಲ್ಕು ವರ್ಷ ಹೀಗೆ ನುಸುಳಿ ಸಾಕಾಗಿ, ಸ್ವಂತ ಮನೆ ಕೊಳ್ಳುವುದೆಂದು ಮೂವರೂ ತೀರ್ಮಾನಿಸಿದರು.

ಮೂರು ಬೀದಿ ಆಚೆ ಬ್ಯಾಂಡ್ ಮೇಷ್ಟ್ರ ಮನೆ ಮಾರಾಟಕ್ಕಿತ್ತು. ಮೇಷ್ಟ್ರು ಮಕ್ಕಳಿಗೆ ತುತ್ತೂರಿ, ಡ್ರಮ್ ಕಲಿಸುವವರು. ವಿದ್ಯಾರ್ಥಿಗಳು ಹೆಚ್ಚಾಗಿದ್ದರು, ಅಕ್ಕಪಕ್ಕದವರ ತಾಳ್ಮೆ ಕಡಿಮೆಯಾಗಿತ್ತು. ಊರ ಅಂಚಿನಲ್ಲಿ ದೊಡ್ಡ ಹಜಾರವಿರುವ ಮನೆಗೆ ಹೋಗಬೇಕೆಂದು ಇದನ್ನು ಮಾರಲು ಹೊರಟಿದ್ದರು. ಕೆಳಗೆ ಎರಡು ಕೋಣೆ, ಮೇಲೆ ಒಂದು ಕೋಣೆ, ಅದರ ಮುಂದೆ ಬೀದಿಯ ಕಡೆಗೆ ಚಾಚಿದ ಬಾಲ್ಕನಿ. ಬಾಲ್ಕನಿಯ ಬೆಳಕು ನೋಡಿದ ಕೂಡಲೇ ದರ್ಜಿ ಅಕ್ಕನಿಗೆ ಮನೆ ಮನಸ್ಸಿಗೆ ಹಿಡಿಸಿತು.

ಮನೆ ಪರೀಕ್ಷಿಸುವ ಜವಾಬ್ದಾರಿಯನ್ನು ಡ್ರೈವರ್ ವಹಿಸಿಕೊಂಡ. ಡಿಪೋದಲ್ಲಿ ಅವನ ಜೊತೆ ಕೆಲಸ ಮಾಡುವ ಗೆಳೆಯನ ಭಾವ ಕಟ್ಟಡದ ಕೆಲಸ ಬಲ್ಲವನು. ಅವನು ಒಂದು ಬೆಳಿಗ್ಗೆ ಹೋಗಿ ನೋಡಿಕೊಂಡು ಬಂದು ವರದಿ ಬರೆದು ಕೊಟ್ಟ. ಒಂದು ಪ್ರತಿ ಇವರಿಗೆ, ಒಂದು ಪ್ರತಿ ಮೇಷ್ಟ್ರಿಗೆ. ಡ್ರೈವರ್ ಅದನ್ನು ಜೋರಾಗಿ ಓದಿದ.

"ಮನೆಯು ಒಟ್ಟಾರೆ ಸುಸ್ಥಿತಿಯಲ್ಲಿದೆ. ಮಹಡಿಯ ಹೊರಭಾಗದಲ್ಲಿ ಅಲ್ಲಲ್ಲಿ ಸಣ್ಣ ಬಿರುಕುಗಳು ಕಂಡುಬಂದಿವೆ. ಗಮನಿಸುವುದು."

"ಸಣ್ಣ ಅಂದ್ರೆ ಎಷ್ಟು ಸಣ್ಣ?" ದರ್ಜಿ ಅಕ್ಕ ಕೇಳಿದಳು.

"ಸಣ್ಣ ಅಂದ್ರೆ ಸಣ್ಣ ಕಣೇ."

"ಕೂದಲೆಳೆಯಷ್ಟಾ, ಬೆರಳು ಹೋಗೋಷ್ಟಾ?"

"ಅದನ್ನೆಲ್ಲ ಯಾರು ಬರೀತಾರೆ?"

"ಅಲ್ಲ ರೀ, ಅಂಗಿ ಅಳತೆ ತಗೊಳ್ಳೋವಾಗ ನಾನು 'ತೋಳು ಸ್ವಲ್ಪ ಸಣ್ಣ' ಅಂತ ಬರ್ಕೊಂಡ್ರೆ, ಆ ಅಂಗಿ ಯಾರಿಗೆ ಆಗುತ್ತೆ ಹೇಳಿ?"

ಅತ್ತೆಮ್ಮ ಕುಳಿತಲ್ಲಿಂದಲೇ ಮಗನನ್ನು ಕೇಳಿದರು. "ಹೊರಭಾಗ ಅಂದ್ರೆ ಯಾವ ಕಡೆಯೋ? ಮನೆಗೆ ನಾಲ್ಕು ಕಡೆ ಹೊರಗಿರುತ್ತೆ."

ಡ್ರೈವರ್ ಫೋನ್ ಮಾಡಿ ಗೆಳೆಯನ ಭಾವನನ್ನೇ ಕೇಳಿದ.

"ಬಿರುಕು ಎಲ್ಲಿದೆ ಅಂತ ಕೇಳ್ತಿದ್ದಾರೆ ಅಣ್ಣ."

"ಯಾವ ಮನೇದು?"

"ಬ್ಯಾಂಡ್ ಮೇಷ್ಟ್ರ ಮನೇದು."

"ಓ, ಅದಾ... ಹಿಂದುಗಡೆ ಇರ್ಬೇಕು. ಅಲ್ಲ, ಮುಂದೆನಾ? ಹೋದ ವಾರ ಏಳು ಮನೆ ನೋಡಿದ್ದೀನಪ್ಪ, ತಲೇಲಿ ಎಲ್ಲ ಕಲಸಿಹೋಗಿದೆ. ಏನೂ ಆಗಲ್ಲ, ಸಣ್ಣದು."

ಫೋನ್ ಇಟ್ಟ ಮೇಲೆ ಡ್ರೈವರ್ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ದರ್ಜಿ ಅಕ್ಕ ಆಗಲೇ ಟಾರ್ಚಕ್ಕನನ್ನು ಕರೆಸುವುದೆಂದು ಮನಸ್ಸು ಮಾಡಿಯಾಗಿತ್ತು.

ಟಾರ್ಚಕ್ಕ ಅಂದರೆ ಮನೆಗಳನ್ನು ತಪಾಸಣೆ ಮಾಡುವವರು. ಕೈಯಲ್ಲಿ ಸದಾ ಟಾರ್ಚ್ ಇರುವುದರಿಂದ ಆ ಹೆಸರು ಬಂದಿದೆ. ಮೊದಲು ಗಾರೆ ಕೆಲಸದಲ್ಲಿದ್ದರು. ಆಮೇಲೆ ಕೆಲಸದ ನಡುವೆಯೇ ಓದಿ, ಪರೀಕ್ಷೆ ಕಟ್ಟಿ, ಈ ವೃತ್ತಿಗೆ ಬಂದರು. ಅವರ ಕೆಲಸದ ಕೋಟನ್ನು ಹೊಲಿದುಕೊಟ್ಟವಳು ದರ್ಜಿ ಅಕ್ಕನೇ. ಅದಕ್ಕೆ ಹನ್ನೊಂದು ಜೇಬು. ಟೇಪಿಗೆ ಒಂದು, ಸುತ್ತಿಗೆಗೆ ಒಂದು, ಕೈಗನ್ನಡಿಗೆ ಒಂದು, ಸೀಮೆಸುಣ್ಣಕ್ಕೆ ಒಂದು. ಎರಡು ಸಲ ಬಂದು ಅಳತೆ ಸರಿಮಾಡಿಸಿಕೊಂಡು ಹೋಗಿದ್ದರು. ಒಂದು ಜೇಬಿನ ವಿಷಯದಲ್ಲೇ ಇಷ್ಟು ಅಚ್ಚುಕಟ್ಟಾಗಿರುವವರು ಮನೆಯನ್ನು ಹೇಗೆ ನೋಡಬಹುದು ಎಂದು ದರ್ಜಿ ಅಕ್ಕ ಆಗಲೇ ಅಂದುಕೊಂಡಿದ್ದಳು.

"ಅವರು ಪ್ರತಿಯೊಂದಕ್ಕೂ ಫೋಟೋ ತೆಗೀತಾರಂತೆ," ಅಂದಳು ಗಂಡನಿಗೆ.

ಡ್ರೈವರ್ ನಕ್ಕ. "ಮದುಮಕ್ಕಳಿಗೆ ಫೋಟೋ ತೆಗೀತಾರೆ, ಒಪ್ಪೋಣ. ಗೋಡೆಗೂ ಫೋಟೋನಾ? ಗೋಡೆ ಏನು ನಗುತ್ತಾ? ನೋಡೋಕೆ ಕಣ್ಣಿದೆ, ಬರೆಯೋಕೆ ಕೈಯಿದೆ. ಸಾಲದಾ?"

"ಸಾಲದು ಅಂತ ನಿನ್ನ ಜೇಬಲ್ಲಿರೋ ಹಾಳೆನೇ ಹೇಳ್ತಿದೆಯಲ್ಲೋ," ಅಂದರು ಅತ್ತೆಮ್ಮ.

ಮುಂದಿನ ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಟಾರ್ಚಕ್ಕನ ಜೊತೆ ಮೇಷ್ಟ್ರ ಮನೆಗೆ ಹೋದರು. ಡ್ರೈವರ್ ಅರೆಮನಸ್ಸಿನಿಂದಲೇ ಹೊರಟಿದ್ದ. ಬಾಲ್ಕನಿಯ ಕೆಳಗಿನ ನೆರಳಿನಲ್ಲಿ ಎಂಟು ಮಕ್ಕಳು ಸಾಲಾಗಿ ನಿಂತು ತುತ್ತೂರಿ ಊದುತ್ತಿದ್ದರು. ಮೇಷ್ಟ್ರು ಅವರಿಗೆ ಬಿಡುವು ಕೊಟ್ಟು ಕಳಿಸಿ, ಇವರನ್ನು ಒಳಗೆ ಕರೆದರು.

ಟಾರ್ಚಕ್ಕ ಹೊಸ್ತಿಲಲ್ಲೇ ನಿಂತು ಹೇಳಿದರು. "ಮೇಷ್ಟ್ರೇ, ಫೋಟೋ ತೆಗೀಬಹುದಾ? ಗೋಡೆ, ಛಾವಣಿ, ಕೊಳಾಯಿ, ವಿದ್ಯುತ್ತಿನ ಪೆಟ್ಟಿಗೆ ಇಷ್ಟೇ. ನಿಮ್ಮ ಮನೆಯವರ ಫೋಟೋ, ಕಾಗದಪತ್ರದ ಫೋಟೋ ಯಾವುದೂ ತೆಗೆಯಲ್ಲ. ಯಾವುದು ಬೇಡ ಅನಿಸಿದ್ರೂ ಹೇಳಿ, ನಿಮ್ಮ ಮುಂದೇನೇ ಅಳಿಸ್ತೀನಿ. ಈ ಫೋಟೋಗಳು ನಿಮ್ಮಿಬ್ಬರ ಮನೆಯವರಿಗೆ ಬಿಟ್ಟು ಬೇರೆ ಯಾರಿಗೂ ಹೋಗಲ್ಲ. ಇನ್ಯಾರಿಗಾದ್ರೂ ತೋರಿಸಬೇಕಾಗಿ ಬಂದ್ರೆ ಮೊದಲು ನಿಮ್ಮನ್ನ ಕೇಳ್ತೀನಿ."

ಮೇಷ್ಟ್ರಿಗೆ ಈ ಮಾತು ಹಿಡಿಸಿತು. ಅವರ ಹೆಂಡತಿ ಹಗ್ಗದ ಮೇಲಿದ್ದ ಬಟ್ಟೆಗಳನ್ನು ಎತ್ತಿಕೊಂಡು, "ಇನ್ನು ತೆಗೀರಿ" ಎಂದು ನಗುತ್ತ ಒಳಗೆ ಹೋದರು.

ಕೆಲಸ ಶುರುವಾಯಿತು. ಡ್ರೈವರ್ ಕೈಕಟ್ಟಿಕೊಂಡು ಹಿಂದೆ ಹಿಂದೆಯೇ ನಡೆದ. ಟಾರ್ಚಕ್ಕ ಪ್ರತಿ ಕೋಣೆಯ ಬಾಗಿಲಲ್ಲಿ ನಿಂತು ಮೊದಲು ಇಡೀ ಕೋಣೆಯ ಫೋಟೋ ತೆಗೆಯುತ್ತಿದ್ದರು. ಗೋಡೆಯಲ್ಲಿ ಏನಾದರೂ ಕಂಡರೆ ಆ ಗೋಡೆಯಷ್ಟರದೇ ಒಂದು. ಆಮೇಲೆ ಹತ್ತಿರ ಹೋಗಿ, ಬಿರುಕಿನ ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಇನ್ನೊಂದು.

"ಒಂದೇ ಬಿರುಕಿಗೆ ಮೂರು ಫೋಟೋ ಯಾಕಕ್ಕ? ಹತ್ತಿರದ್ದು ಒಂದಿದ್ರೆ ಸಾಕಲ್ಲ?" ಡ್ರೈವರ್ ಕೇಳಿದ.

ಟಾರ್ಚಕ್ಕ ಫೋನಿನಲ್ಲಿ ಹತ್ತಿರದ ಫೋಟೋ ಒಂದನ್ನೇ ತೋರಿಸಿದರು. "ಇದು ಯಾವ ಕೋಣೆ ಹೇಳಿ ನೋಡೋಣ."

ಡ್ರೈವರ್ ಕಣ್ಣು ಕಿರಿದು ಮಾಡಿ ನೋಡಿದ. ಬಿಳಿ ಗೋಡೆ, ಅದರ ಮೇಲೊಂದು ಗೆರೆ. "ಅಡುಗೆಮನೆ?"

"ಬಚ್ಚಲುಮನೆ. ಈಗ ನೋಡಿದ ನಿಮಗೇ ಗೊತ್ತಾಗಲಿಲ್ಲ. ಆರು ತಿಂಗಳಾದ್ಮೇಲೆ ನೋಡೋರಿಗೆ ಹೇಗೆ ಗೊತ್ತಾಗುತ್ತೆ? ದೂರದಿಂದ ತೆಗೆದದ್ದು ಎಲ್ಲಿದೆ ಅಂತ ಹೇಳುತ್ತೆ, ಹತ್ತಿರದ್ದು ಹೇಗಿದೆ ಅಂತ ಹೇಳುತ್ತೆ, ಅಳತೆಪಟ್ಟಿ ಎಷ್ಟಿದೆ ಅಂತ ಹೇಳುತ್ತೆ."

ಕೈಗನ್ನಡಿಯನ್ನು ಕೈತೊಳೆಯುವ ತೊಟ್ಟಿಯ ಕೆಳಗೆ ಹಿಡಿದು, ಕಣ್ಣಿಗೆ ಕಾಣದ ಕೊಳವೆಯ ಜೋಡಣೆಯನ್ನು ಕನ್ನಡಿಯಲ್ಲಿ ನೋಡಿ ಅದರ ಫೋಟೋ ತೆಗೆದರು. ಚೆನ್ನಾಗಿರುವುದನ್ನೂ ಬಿಡಲಿಲ್ಲ. "ಈ ವಿದ್ಯುತ್ತಿನ ಪೆಟ್ಟಿಗೆ ಎಷ್ಟು ಅಚ್ಚುಕಟ್ಟಾಗಿದೆ ನೋಡಿ. ಮಾಡಿಸಿದವರಿಗೆ ಶಭಾಷ್ ಅನ್ನಬೇಕು," ಅಂದರು. ಮಾಡಿಸಿದವರಾದ ಮೇಷ್ಟ್ರ ಎದೆ ಒಂದಿಷ್ಟು ಉಬ್ಬಿತು.

ಹಿಂದಿನ ಕೋಣೆಯಲ್ಲಿ ಗೋಡೆಗೆ ಒತ್ತಿದಂತೆ ದೊಡ್ಡ ಬೀರು ಇತ್ತು. ಬೀಗ ಹಾಕಿತ್ತು, ತುಂಬ ಭಾರ. ಟಾರ್ಚಕ್ಕ ಬೀರುವಿನ ಫೋಟೋ ತೆಗೆದುಕೊಂಡು, "ಇದರ ಹಿಂದಿನ ಗೋಡೆ ನೋಡೋಕಾಗಲಿಲ್ಲ" ಎಂದು ಬರೆದುಕೊಂಡರು.

"ನೋಡದೇ ಇದ್ದದ್ದಕ್ಕೂ ಫೋಟೋನಾ?" ಡ್ರೈವರ್‌ಗೆ ಮತ್ತೆ ನಗು ಬಂತು.

"ನೋಡಿಲ್ಲ ಅನ್ನೋದನ್ನೂ ಹೇಳ್ಬೇಕಲ್ಲಪ್ಪ. ಇಲ್ಲದಿದ್ರೆ ಎಲ್ಲ ನೋಡಿದ್ದೀನಿ ಅಂತ ನೀವು ನಂಬ್ಕೋತೀರಿ."

ಇಷ್ಟರಲ್ಲಿ ಮೇಷ್ಟ್ರ ಹೆಂಡತಿ ಎಲ್ಲರಿಗೂ ಚಹಾ ತಂದರು. ಮೆಟ್ಟಿಲ ಮೇಲೆ ಕುಳಿತು ಕುಡಿಯುವಾಗ ದರ್ಜಿ ಅಕ್ಕ ಕೇಳಿದಳು. "ಅಕ್ಕ, ನೀವು ಮೊದಲಿಂದಲೂ ಹೀಗೇನಾ?"

ಟಾರ್ಚಕ್ಕ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಇಲ್ಲ. ಮೊದಮೊದಲು ನಾನೂ ಬರೆದೇ ಕೊಡ್ತಿದ್ದೆ. ಒಂದು ಮನೇಲಿ 'ಮೆಟ್ಟಿಲ ಕಟಕಟೆ ಸಡಿಲವಾಗಿದೆ, ಬಿಗಿ ಮಾಡಿಸುವುದು' ಅಂತ ಬರೆದೆ. ಆ ಮನೆಗೆ ಎರಡು ಮೆಟ್ಟಿಲು. ಒಂದು ಒಳಗೆ, ಒಂದು ಹೊರಗೆ. ನಾನು ಬರೆದಿದ್ದು ಹೊರಗಿನದು. ಅವರು ಪಾಪ, ಒಳಗಿನದನ್ನ ಬಿಗಿ ಮಾಡಿಸಿದ್ರು. ಎರಡು ತಿಂಗಳಿಗೆ ಆ ಮನೆ ಯಜಮಾನಿ ಹೊರಗಿನ ಮೆಟ್ಟಿಲಲ್ಲಿ ಕಟಕಟೆ ಹಿಡ್ಕೊಂಡ್ರು. ಅದು ಕೈಯಲ್ಲೇ ಬಂತು. ಸೊಂಟ ಮುರೀತು."

ದರ್ಜಿ ಅಕ್ಕ ಲೋಟ ಕೆಳಗಿಟ್ಟಳು.

"ನನ್ನದೇನೂ ತಪ್ಪಿಲ್ಲ ಅಂದ್ರು ಎಲ್ಲರೂ. ಬರೆದಿದ್ದೆನಲ್ಲ! ಆದ್ರೆ ಒಂದು ಫೋಟೋ ಹಾಕಿದ್ದಿದ್ರೆ ಅವರು ಇವತ್ತೂ ಕೋಲಿಲ್ಲದೆ ನಡೀತಿದ್ರು. ಅವತ್ತಿಂದ ಫೋಟೋ ಇಲ್ಲದೆ ಒಂದು ಸಾಲೂ ಬರೆಯಲ್ಲ ಅಂತ ಗಟ್ಟಿ ಮಾಡ್ಕೊಂಡೆ."

ಡ್ರೈವರ್ ಎದ್ದ. ಲೋಟಗಳನ್ನು ತಾನೇ ಒಳಗಿಟ್ಟು ಬಂದು, "ಏಣಿ ಹಿಡ್ಕೊಳ್ಳಲಾ ಅಕ್ಕ?" ಅಂದ.

ಉಳಿದಿದ್ದು ಬಾಲ್ಕನಿ. ಮೇಲಿನಿಂದ ನೋಡಿದಾಗ ನೀರು ಹೊರಹೋಗುವ ತೂತು ಕಸದಿಂದ ಕಟ್ಟಿಕೊಂಡಿತ್ತು. ನೆಲದ ಮೇಲೆ ನೀರು ನಿಂತು ನಿಂತು ಕಂದು ಕಲೆಯಾಗಿತ್ತು. ಎರಡಕ್ಕೂ ಫೋಟೋ ಆಯಿತು. ಕೆಳಗೆ ಬಂದು ಬಾಲ್ಕನಿಯ ಅಡಿಭಾಗ ನೋಡಿದರೆ ಹೊಸ ಬಣ್ಣ, ಹಾಲಿನಂತೆ ಬೆಳ್ಳಗೆ.

"ಇಲ್ಲೇನೂ ಇಲ್ಲ ಬಿಡಿ," ಅಂದ ಡ್ರೈವರ್.

"ಒಂದು ದುಪ್ಪಟಿ ಸಿಗುತ್ತಾ?" ಕೇಳಿದರು ಟಾರ್ಚಕ್ಕ.

ದುಪ್ಪಟಿ ಬಂತು. ಡ್ರೈವರ್ ಮತ್ತು ದರ್ಜಿ ಅಕ್ಕ ಆಚೆ ಈಚೆ ನಿಂತು, ಬಿಸಿಲು ಬೀಳದಂತೆ ಅದನ್ನು ಎತ್ತಿ ಹಿಡಿದರು. ಟಾರ್ಚಕ್ಕ ಏಣಿ ಹತ್ತಿ, ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ, ಅಡಿಭಾಗದ ಮೈಗೆ ತಾಗಿಸಿದ ಹಾಗೆ ಹಿಡಿದರು. ಬೆಳಕು ಓರೆಯಾಗಿ ಬಿದ್ದದ್ದೇ ತಡ, ನುಣ್ಣಗೆ ಕಾಣುತ್ತಿದ್ದ ಅಡಿಭಾಗದಲ್ಲಿ ಉದ್ದುದ್ದ ಉಬ್ಬುಗಳು ಎದ್ದು ಕಂಡವು. ಒಂದರ ಪಕ್ಕ ಒಂದು, ಒಂದೇ ಅಂತರ. ಬಡಕಲು ಮೈಯ ಪಕ್ಕೆಲುಬಿನ ಹಾಗೆ.

"ಅಯ್ಯೋ, ಇದೇನಿದು?" ಅಂದಳು ದರ್ಜಿ ಅಕ್ಕ.

"ಒಳಗಿರೋ ಕಬ್ಬಿಣದ ಕಂಬಿ. ಮೇಲೆ ನಿಂತ ನೀರು ಇಳಿದು ಇಳಿದು ಕಂಬಿಗೆ ತುಕ್ಕು ಹಿಡಿದಿರಬೇಕು. ತುಕ್ಕು ಹಿಡಿದ ಕಂಬಿ ಊದಿಕೊಳ್ಳುತ್ತೆ. ಊದಿಕೊಂಡು ಕಾಂಕ್ರೀಟನ್ನ ಹೊರಕ್ಕೆ ತಳ್ಳುತ್ತೆ." ಹೀಗೆ ಹೇಳುತ್ತಲೇ ಜೇಬಿನಿಂದ ಪುಟ್ಟ ಸುತ್ತಿಗೆ ತೆಗೆದು ಮೆಲ್ಲಗೆ ತಟ್ಟಿದರು. ಗೋಡೆಯ ಬಳಿ ಟಣ್ ಟಣ್ ಎಂದಿತು. ನಡುವಿಗೆ ಬಂದಂತೆ ಡಬ್ ಡಬ್ ಎಂದಿತು.

ಮೇಷ್ಟ್ರು ತಲೆ ಎತ್ತಿದರು. ನಲವತ್ತು ವರ್ಷ ನಾದ ಕೇಳಿದ ಕಿವಿ ಅದು. "ಟೊಳ್ಳು," ಅಂದರು ಮೆಲ್ಲಗೆ.

"ಹೌದು ಮೇಷ್ಟ್ರೇ. ಆದ್ರೆ ಸದ್ದಿಗೆ ಫೋಟೋ ತೆಗೆಯೋಕಾಗಲ್ಲ. ಅದಕ್ಕೆ ಒಂದು ಉಪಾಯ ಇದೆ." ಟಾರ್ಚಕ್ಕ ತಟ್ಟುತ್ತ ಹೋಗಿ, ಟೊಳ್ಳು ಸದ್ದು ಬಂದ ಜಾಗದ ಸುತ್ತ ನೀಲಿ ಸೀಮೆಸುಣ್ಣದಿಂದ ಗೆರೆ ಎಳೆದರು. ಗೆರೆ ಕೂಡಿಕೊಂಡಾಗ ಅದೊಂದು ಚಾಪೆಯಷ್ಟು ಅಗಲವಾಗಿತ್ತು. ಅದರ ಫೋಟೋ ತೆಗೆದರು. ದೂರದಿಂದ, ನಡುವಿನಿಂದ, ಹತ್ತಿರದಿಂದ.

ಮೇಷ್ಟ್ರ ಮುಖ ಕೆಂಪಾಯಿತು. "ಏನಮ್ಮ, ನಾನು ಬಣ್ಣ ಬಳಿದು ಮೋಸ ಮಾಡ್ತಿದ್ದೀನಿ ಅಂತಾನಾ? ಅವನ್ಯಾರೋ ಬಂದು 'ಸಣ್ಣ ಬಿರುಕು' ಅಂತ ಬರೆದು ಹೋದ. ಸಣ್ಣದು ತಾನೇ, ಮುಚ್ಚಿಬಿಡೋಣ ಅಂತ ಪುಟ್ಟಿ ಹಚ್ಚಿ ಬಣ್ಣ ಹೊಡೆದೆ. ಕೊಳ್ಳೋರಿಗೆ ಚೊಕ್ಕಟವಾಗಿ ಕೊಡೋಣ ಅಂತ!"

ಟಾರ್ಚಕ್ಕ ಏಣಿಯಿಂದ ಇಳಿದು ಬಂದರು. "ಮೇಷ್ಟ್ರೇ, ನಿಮ್ಮ ಮೇಲೆ ಯಾರೂ ತಪ್ಪು ಹೊರಿಸ್ತಿಲ್ಲ. ಫೋಟೋ ಯಾರನ್ನೂ ಬೈಯೋದೂ ಇಲ್ಲ, ಹೊಗಳೋದೂ ಇಲ್ಲ, ಇರೋದನ್ನ ತೋರಿಸುತ್ತೆ ಅಷ್ಟೇ. 'ಸಣ್ಣ ಬಿರುಕು' ಅನ್ನೋ ಮಾತು ನಿಮಗೆ ತೋರಿಸಿದ್ದು ಇನ್ನೇನೋ. ಈಗ ಒಂದು ಮಾತು ನಡೆಸಿಕೊಡಿ. ಈ ಫೋಟೋಗಳನ್ನ ಒಬ್ಬ ಇಂಜಿನಿಯರಮ್ಮನಿಗೆ ಕಳಿಸ್ಲಾ? ಅವರು ಬೇರೆ ಊರಲ್ಲಿದ್ದಾರೆ, ಬರೋಕೆ ಕೆಲವು ದಿನ ಆಗುತ್ತೆ. ಫೋಟೋ ಆದ್ರೆ ಈಗಲೇ ತಲುಪುತ್ತೆ."

ಮೇಷ್ಟ್ರು ಕಳಿಸಿ ಎಂದು ತಲೆಯಾಡಿಸಿದರು, ಆದರೆ ಸಿಟ್ಟು ಇಳಿದಿರಲಿಲ್ಲ.

ಇನ್ನೂ ಊಟದ ಹೊತ್ತಾಗಿರಲಿಲ್ಲ, ಇಂಜಿನಿಯರಮ್ಮನ ಫೋನ್ ಬಂತು. ಟಾರ್ಚಕ್ಕ ಎಲ್ಲರಿಗೂ ಕೇಳುವಂತೆ ಮಾಡಿದರು.

"ಸೀಮೆಸುಣ್ಣದ ಗೆರೆ ನೋಡಿದೆ. ಆ ಬಾಲ್ಕನಿ ಕೆಳಗೆ ಯಾರಾದ್ರೂ ಓಡಾಡ್ತಾರಾ?"

"ಎಂಟು ಮಕ್ಕಳು ದಿನಾ ಎರಡು ಹೊತ್ತು ನಿಂತು ತುತ್ತೂರಿ ಊದ್ತಾರೆ," ಅಂದರು ಟಾರ್ಚಕ್ಕ.

ಇಂಜಿನಿಯರಮ್ಮ ಕೂಡಲೇ ಹೇಳಿದರು. "ಇವತ್ತಿಂದ ಒಬ್ಬರೂ ನಿಲ್ಲಬಾರದು. ಮೇಲೂ ಹತ್ತಬಾರದು. ಹಗ್ಗ ಕಟ್ಟಿ, ಕೆಳಗಿಂದ ಆಸರೆ ಕೊಡಿಸಿ. ನಾನು ಬಂದು ನೋಡೋವರೆಗೆ ಕಾಯಬೇಡಿ."

ಮೇಷ್ಟ್ರು ಗೊಣಗಿದರು. "ಇಪ್ಪತ್ತಾರು ವರ್ಷದಿಂದ ನಿಂತಿದೆ, ಇವತ್ತು ಬೀಳುತ್ತಾ?" ಆದರೂ ಮಕ್ಕಳ ಮಾತು ಬಂದಿತ್ತಲ್ಲ, ಎದುರಾಡಲಿಲ್ಲ. ತಾವೇ ಹಗ್ಗ ತಂದು ಕಟ್ಟಿದರು. ಮಕ್ಕಳ ಪಾಠವನ್ನು ಮನೆಯ ಪಕ್ಕದ ಖಾಲಿ ಜಾಗಕ್ಕೆ, ಮರದ ಕೆಳಗೆ ಸಾಗಿಸಿದರು. ಮರುದಿನ ಮೇಸ್ತ್ರಿ ಬಂದು ಎರಡು ಕಡೆ ಕಂಬ ನಿಲ್ಲಿಸಿ ಬಾಲ್ಕನಿಗೆ ಆಸರೆ ಕೊಟ್ಟ.

ಅದೇ ಸಂಜೆ ವರದಿ ಬಂತು. ಇಪ್ಪತ್ತೆರಡು ಹಾಳೆ, ಅರವತ್ತೆರಡು ಫೋಟೋ. ಪ್ರತಿ ಫೋಟೋಗೂ ಒಂದು ಸಂಖ್ಯೆ, ತಾರೀಖು, ಯಾವ ಕೋಣೆ ಯಾವ ಗೋಡೆ ಎಂಬ ಒಂದು ಸಾಲು. ತೊಂದರೆ ಇರುವ ಕಡೆ ಕೆಂಪು ಬಾಣದ ಗುರುತು. ಬಾಣ ಹಾಕದ ಮೂಲ ಫೋಟೋಗಳನ್ನೂ ಟಾರ್ಚಕ್ಕ ಬೇರೆಯಾಗಿ ಕೊಟ್ಟಿದ್ದರು. ಬೆಳಕನ್ನು ಹೆಚ್ಚು ಕಡಿಮೆ ಮಾಡಿ ಚೆಂದಗಾಣಿಸುವ ಗೋಜಿಗೆ ಹೋಗಿರಲಿಲ್ಲ.

ಡ್ರೈವರ್ ಓದಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆಮ್ಮ ಕೈ ಚಾಚಿದರು. "ಇಲ್ಲಿ ಕೊಡೋ."

ಅತ್ತೆಮ್ಮನಿಗೆ ಓದು ಬರಹ ಬಾರದು. ಮನೆಗೆ ಯಾವ ಕಾಗದ ಬಂದರೂ ಬೇರೆಯವರು ಓದಿ ಹೇಳಿದಷ್ಟೇ ಅವರಿಗೆ ಗೊತ್ತಾಗುವುದು. ಮೊಣಕಾಲು ನೋವಿನಿಂದ ಮನೆ ನೋಡಲೂ ಹೋಗಿರಲಿಲ್ಲ. ಅವತ್ತು ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತಿರುವಿದರು. "ಇದು ಬಾಗಿಲಿಂದ ಕಾಣೋ ಅಡುಗೆಮನೆ. ಇದು ಅದರದೇ ಕಿಟಕಿ. ಇಲ್ಲಿ ನೀರು ಜಿನುಗ್ತಿದೆ. ಇದು ಬಾಲ್ಕನಿ, ನೀಲಿ ಗೆರೆ ಎಳೆದಿದ್ದಾಳೆ." ಮಗ ಸೊಸೆ ಅವರ ಪಕ್ಕ ಬಂದು ಕುಳಿತರು. ಬೀರುವಿನ ಫೋಟೋ ಬಂದಾಗ ಅತ್ತೆಮ್ಮ ಹಾಳೆ ತಿರುವುವುದನ್ನು ನಿಲ್ಲಿಸಿದರು. "ಇದೇನು, ಗೋಡೆನೇ ಕಾಣಿಸ್ತಿಲ್ಲ?"

"ಅದರ ಹಿಂದೆ ನೋಡೋಕಾಗಲಿಲ್ವಂತೆ ಅತ್ತೆ. ನೀವು ಮಲಗೋ ಕೋಣೆ ಅದು."

"ಹಾಗಾದ್ರೆ ಬೀರು ಸರಿಸಿ ತೋರಿಸೋಕೆ ಹೇಳು. ನಾನು ಮಲಗೋ ಗೋಡೆ ನಾನು ನೋಡ್ಬೇಡ್ವಾ?"

ಮೇಷ್ಟ್ರು ಬೀರುವನ್ನು ಖಾಲಿ ಮಾಡಿಸಿ ಸರಿಸಿದರು. ಗೋಡೆ ಒಣಗಿತ್ತು, ಗಟ್ಟಿಯಾಗಿತ್ತು. ಹಿಂದೆ ಸಿಕ್ಕಿದ್ದು ಹತ್ತು ವರ್ಷದ ಹಿಂದೆ ಕಳೆದುಹೋದ ತುತ್ತೂರಿಯ ಬಾಯಿಗಿಡುವ ತುಂಡು ಒಂದೇ. ಟಾರ್ಚಕ್ಕ ಬಂದು ಆ ಗೋಡೆಯದೂ ಫೋಟೋ ತೆಗೆದು ಅತ್ತೆಮ್ಮನಿಗೆ ಕಳಿಸಿದರು. ಅವರ ಮನಸ್ಸು ನಿರಾಳವಾಯಿತು.

ಹಗ್ಗ ಕಟ್ಟಿದ ನಾಲ್ಕನೆಯ ದಿನ. ಸಂಜೆ ನಾಲ್ಕೂವರೆ. ಮಕ್ಕಳು ಮರದ ಕೆಳಗೆ ಸಾಲಾಗಿ ನಿಂತಿದ್ದರು. ಮೇಷ್ಟ್ರು ಕೈ ಎತ್ತಿದರು. ಮೊದಲ ಸ್ವರ ಹೊರಡುವುದಕ್ಕೂ ಮನೆಯ ಮುಂದಿನಿಂದ ದಡಾರ್ ಎಂಬ ಸದ್ದು ಬರುವುದಕ್ಕೂ ಸರಿಹೋಯಿತು.

ಬಾಲ್ಕನಿಯ ಅಡಿಭಾಗ ಕಳಚಿ ಬಿದ್ದಿತ್ತು. ಆಸರೆ ಇದ್ದುದರಿಂದ ಬಾಲ್ಕನಿ ನಿಂತಿತ್ತು. ಆದರೆ ಕೆಳಗಿನ ಪದರ ಹಲಗೆ ಹಲಗೆಯಾಗಿ ಉದುರಿ, ಮಕ್ಕಳು ದಿನಾ ನಿಲ್ಲುತ್ತಿದ್ದ ಜಾಗದಲ್ಲಿ ನೆಲದ ಕಲ್ಲುಗಳನ್ನು ಒಡೆದುಹಾಕಿತ್ತು. ಮೇಲೆ ತುಕ್ಕು ತಿಂದ ಕಂಬಿಗಳು ಹೊರಗೆ ಕಾಣುತ್ತಿದ್ದವು. ಕೆಲವಂತೂ ಬೆರಳಲ್ಲಿ ಮುರಿಯುವಷ್ಟು ತೆಳ್ಳಗಾಗಿದ್ದವು.

ಮೇಷ್ಟ್ರು ಮಕ್ಕಳನ್ನು ಎಣಿಸಿದರು. ಎಂಟು. ಮತ್ತೆ ಎಣಿಸಿದರು. ಎಂಟು. ಆಮೇಲೆ ಅಲ್ಲೇ ಮರದ ಬುಡದಲ್ಲಿ ಕುಳಿತು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು.

ಸುದ್ದಿ ಕೇಳಿ ಟಾರ್ಚಕ್ಕ ಬಂದರು. ಡಿಪೋದಿಂದ ಡ್ರೈವರ್ ಸಮವಸ್ತ್ರದಲ್ಲೇ ಓಡಿ ಬಂದ, ಅವನ ಹಿಂದೆಯೇ ಗೆಳೆಯನ ಭಾವನೂ ಬಂದ. ಡ್ರೈವರ್ ಟಾರ್ಚಕ್ಕನ ಕೈಲಿದ್ದ ವರದಿಯ ಹಾಳೆ ತೆಗೆದುಕೊಂಡು, ಫೋಟೋವನ್ನೂ ಬಾಲ್ಕನಿಯ ಅಡಿಭಾಗವನ್ನೂ ಒಟ್ಟಿಗೆ ನೋಡಿದ. ಟಾರ್ಚಕ್ಕ ಗೆರೆ ಎಳೆದ ಜಾಗ ಯಾವುದೋ, ಬಹುಪಾಲು ಅದೇ ಜಾಗ ಕಳಚಿತ್ತು.

ಮೇಷ್ಟ್ರು ಎದ್ದು ಬಂದು ಟಾರ್ಚಕ್ಕನ ಮುಂದೆ ನಿಂತರು. "ಅವತ್ತು ನಿಮ್ಮ ಮೇಲೆ ರೇಗಿಬಿಟ್ಟೆ ತಾಯಿ."

"ಹಗ್ಗ ಕಟ್ಟಿದ್ದು ನೀವೇ ಅಲ್ವಾ ಮೇಷ್ಟ್ರೇ," ಅಂದರು ಟಾರ್ಚಕ್ಕ. "ನೋಡಿದ ಮೇಲೂ ಕಟ್ಟದೇ ಇರೋರಿದ್ದಾರೆ."

ಗೆಳೆಯನ ಭಾವ ಬಿದ್ದ ಕಾಂಕ್ರೀಟಿನ ಒಂದು ತುಂಡನ್ನು ಕೈಗೆತ್ತಿಕೊಂಡ. "ಇದೇ ಬಿರುಕು. ನಾನೂ ಕಂಡಿದ್ದೆ. ಬರೆದೂ ಇದ್ದೆ. ತೋರಿಸಲಿಲ್ಲ," ಅಂದ. ಆ ಮೇಲಿನ ಎರಡು ಭಾನುವಾರ ಟಾರ್ಚಕ್ಕನ ಜೊತೆ ಬೇರೆ ಮನೆಗಳಿಗೆ ಹೋಗಿ, ಏಣಿ ಹಿಡಿದು, ಫೋಟೋ ತೆಗೆಯುವ ಕ್ರಮ ಕಲಿತುಕೊಂಡ. ತಪ್ಪನ್ನು ಒಪ್ಪಿಕೊಂಡು ಕಲಿಯಲು ಹೊರಟವನನ್ನು ಟಾರ್ಚಕ್ಕ ತಮ್ಮನಂತೆ ನೋಡಿಕೊಂಡರು.

ಇಂಜಿನಿಯರಮ್ಮ ಬಂದು ಕಣ್ಣಾರೆ ನೋಡಿ, ರಿಪೇರಿ ಹೇಗಾಗಬೇಕೆಂದು ಬರೆದುಕೊಟ್ಟರು. ಮೇಷ್ಟ್ರೇ ರಿಪೇರಿ ಮಾಡಿಸಿ ಮನೆ ಕೊಡುವುದೆಂದು ಮಾತಾಯಿತು. ಮೇಸ್ತ್ರಿ ಕೆಲಸ ಶುರು ಮಾಡಿದಾಗ ಟಾರ್ಚಕ್ಕ ಅಲ್ಲೂ ಹಾಜರು. ಹಳೆ ಕಂಬಿ ಬಿಡಿಸಿದಾಗ ಒಂದು ಫೋಟೋ, ಹೊಸ ಕಂಬಿ ಕಟ್ಟಿದಾಗ ಒಂದು.

ಮೇಸ್ತ್ರಿಗೆ ಇರುಸುಮುರುಸಾಯಿತು. "ನನ್ನ ಮೇಲೆ ನಂಬಿಕೆ ಇಲ್ವೇನಮ್ಮ?"

"ನಂಬಿಕೆ ಇದೆ ಮೇಸ್ತ್ರಿ. ನಾಳೆ ಕಾಂಕ್ರೀಟು ಸುರಿದ ಮೇಲೆ ನಿಮ್ಮ ಈ ಕೆಲಸ ಯಾರಿಗೂ ಕಾಣಲ್ಲ. ಇಷ್ಟು ಚೆನ್ನಾಗಿ ಕಟ್ಟಿದ್ದೀರಿ, ಒಬ್ಬರಾದ್ರೂ ನೋಡ್ಬೇಡ್ವಾ?"

ಮೇಸ್ತ್ರಿ ಕಂಬಿಯ ಪಕ್ಕಕ್ಕೆ ಸರಿದು ನಿಂತ. ಸಂಜೆ ಹೊರಡುವಾಗ, "ಆ ಫೋಟೋ ನನಗೂ ಕಳಿಸಿ. ಮುಂದಿನ ಕೆಲಸದವರಿಗೆ ತೋರಿಸ್ತೀನಿ," ಎಂದು ಕೇಳಿ, ಮೇಷ್ಟ್ರು ಒಪ್ಪಿದ ಮೇಲೆ ಪಡೆದುಕೊಂಡ.

ಎರಡು ತಿಂಗಳಿಗೆ ದರ್ಜಿ ಅಕ್ಕನ ಸಂಸಾರ ಆ ಮನೆಗೆ ಹೋಯಿತು. ಸಾಮಾನು ಇಳಿಸುವ ದಿನ ನಾವೆಲ್ಲ ಹೋಗಿದ್ದೆವು. ಅಲ್ಲಿ ಡ್ರೈವರ್‌ನೇ ಬಂದವರಿಗೆಲ್ಲ ವರದಿ ತೋರಿಸುತ್ತಿದ್ದ. "ದೂರದಿಂದ ಒಂದು, ನಡುವಿಂದ ಒಂದು, ಹತ್ತಿರದಿಂದ ಒಂದು. ಅಳತೆಪಟ್ಟಿ ಇಡಲೇಬೇಕು," ಎಂದು ಹೇಳುವಾಗ ಅವನ ದನಿಯಲ್ಲಿ ಟಾರ್ಚಕ್ಕನ ಗತ್ತೇ ಬಂದಿತ್ತು. ಗೋಡೆಗೆ ಫೋಟೋ ಯಾಕೆ ಎಂದು ಕೇಳಿದ್ದವನು ಅವನೇ ಎಂದರೆ ಯಾರೂ ನಂಬುತ್ತಿರಲಿಲ್ಲ.

ಓದುಗರೇ, ನಿಮಗೆ ಹೇಳಬೇಕಾದದ್ದು ಇಷ್ಟು.

ನೀವು ಮನೆ ಕೊಳ್ಳುವವರಿರಲಿ, ಮಾರುವವರಿರಲಿ, ಬಾಡಿಗೆಗೆ ಹೋಗುವವರಿರಲಿ, ತಪಾಸಣೆಗೆ ಬಂದವರನ್ನು ಮೊದಲೇ ಕೇಳಿ: ವರದಿಯಲ್ಲಿ ಫೋಟೋ ಇರುತ್ತದೆಯೇ? ಒಂದೊಂದು ದೋಷವನ್ನೂ ಜಾಗ ಗೊತ್ತಾಗುವಂತೆ ದೂರದಿಂದ, ರೂಪ ಗೊತ್ತಾಗುವಂತೆ ಹತ್ತಿರದಿಂದ, ಗಾತ್ರ ಗೊತ್ತಾಗುವಂತೆ ಅಳತೆಪಟ್ಟಿ ಇಟ್ಟು ತೋರಿಸಿ ಎಂದು ಹೇಳಿ. ತಾರೀಖೂ ಜಾಗದ ಹೆಸರೂ ಇಲ್ಲದ ಫೋಟೋ ಅರ್ಧ ಫೋಟೋ. ನೋಡಲಾಗದ ಜಾಗ ಯಾವುದೆಂದು ಬರೆಸಿಕೊಳ್ಳಿ. ರಿಪೇರಿ ಮಾಡಿಸಿದರೆ ಮುಚ್ಚಿಹೋಗುವ ಮುಂಚಿನ ಫೋಟೋ ಇಟ್ಟುಕೊಳ್ಳಿ. ಮನೆಯವರ ಒಪ್ಪಿಗೆ ಪಡೆದೇ ತೆಗೆಯಿರಿ, ಅವರ ಖಾಸಗಿ ವಸ್ತುಗಳನ್ನು ಬಿಟ್ಟು ತೆಗೆಯಿರಿ. ಫೋಟೋ ಇದೆಯಲ್ಲ ಎಂದು, ಕೆಲಸ ಬಲ್ಲವರು ಬಂದು ನೋಡುವುದನ್ನು ತಪ್ಪಿಸಬೇಡಿ. ಅವರು ಬರುವವರೆಗೆ ಎಚ್ಚರಿಸುವುದೂ, ಬಂದುಹೋದ ಮೇಲೆ ನೆನಪಿಡುವುದೂ ಫೋಟೋದ ಕೆಲಸ.

"ಸಣ್ಣದು" ಎಂದು ಯಾರಾದರೂ ಬರೆದುಕೊಟ್ಟರೆ ಸುಮ್ಮನಾಗಬೇಡಿ. ಎಷ್ಟು ಸಣ್ಣದು, ತೋರಿಸಿ ಎಂದು ಕೇಳಿ. ಕೇಳಲು ಸಂಕೋಚವೇಕೆ? ಆ ಛಾವಣಿಯ ಕೆಳಗೆ ದಿನಾ ನಿಲ್ಲುವವರು ನಿಮ್ಮವರೇ.